‘ಪ್ರಾಬಬ್ಲಿ’: ಒಂದು ಆಂಗ್ಲ ಅವ್ಯಯದ ಚರಿತ್ರೆ

ನಿಶ್ಚಯವಾಗಿ ಬಲ್ಲುದಕ್ಕೂ ಏನೂ ಅರಿಯದುದಕ್ಕೂ ನಡುವೆ ವಿಶಾಲವಾದ ಕ್ಷೇತ್ರವೊಂದುಂಟು. ಮನುಷ್ಯನ ಅಭಿಪ್ರಾಯಗಳಲ್ಲಿ ಹೆಚ್ಚಿನವು ಅಲ್ಲಿಯೇ ಹುಟ್ಟಿ ಬೆಳೆಯುವುವು. ಆ ಕ್ಷೇತ್ರದಲ್ಲಿ ನಡೆಯುವವರಿಗೆ ಊರುಗೋಲಾಗಿ ಭಾಷೆಯು ಕೆಲವು ಅವ್ಯಯಗಳನ್ನು ಒದಗಿಸಿದೆ. ಆಂಗ್ಲಭಾಷೆಯ ‘ಪ್ರಾಬಬ್ಲಿ’ ಎಂಬುದು ಅಂತಹವುಗಳಲ್ಲೊಂದು.

ಈ ಶಬ್ದದ ಮೂಲವು ಲ್ಯಾಟಿನ್ ಭಾಷೆಯ ‘ಪ್ರೊಬಾರೆ’ ಎಂಬ ಧಾತು. ಪರೀಕ್ಷಿಸುವುದು, ಪರೀಕ್ಷಿಸಿ ಒಪ್ಪುವುದು ಎಂದು ಅದರ ಅರ್ಥ. ಅದರಿಂದ ಹುಟ್ಟಿದ ‘ಪ್ರೊಬಾಬಿಲಿಸ್’ ಎಂದರೆ ಒಪ್ಪತಕ್ಕುದು. ಪೂರ್ಣಜ್ಞಾನವು ಅಸಾಧ್ಯವೆಂದು ವಾದಿಸಿದ ಗ್ರೀಕ್ ಸಂಶಯವಾದಿಗಳೂ ನಿತ್ಯವ್ಯವಹಾರವನ್ನು ಬಿಟ್ಟಿರಲಿಲ್ಲ. ಮನಸ್ಸಿಗೆ ಒಪ್ಪುವಂತೆ ತೋರಿದುದನ್ನು ಅನುಸರಿಸಬಹುದೆಂದರು. ಅವರ ಈ ಭಾವವನ್ನು ರೋಮಿನ ಸಿಸೆರೋ ಪಂಡಿತನು ಇದೇ ಶಬ್ದದಿಂದ ತನ್ನ ಭಾಷೆಗೆ ತಂದನು. ಮಧ್ಯಯುಗದಲ್ಲಿ, ಪ್ರಾಜ್ಞರ ವಚನದ ಬೆಂಬಲವುಳ್ಳ ಅಭಿಪ್ರಾಯಕ್ಕೆ ಈ ವಿಶೇಷಣವು ಸಲ್ಲುತ್ತಿತ್ತು. ಅಂದು ಅದು ಗೌರವದ ಮಾತಾಗಿದ್ದಿತೇ ಹೊರತು ಅಳತೆಯ ಮಾತಾಗಿರಲಿಲ್ಲ.

ಅಳತೆಯು ಬಂದುದು ಜೂಜಿನಿಂದ. ಆಟವು ನಡುವೆ ನಿಂತುಹೋದರೆ ಪಣವನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಯನ್ನು ಕುರಿತು 1654ರಲ್ಲಿ ಪಾಸ್ಕಲ್, ಫರ್ಮಾ ಎಂಬ ಫ್ರಾನ್ಸಿನ ವಿದ್ವಾಂಸರಿಬ್ಬರು ಪತ್ರವ್ಯವಹಾರ ನಡೆಸಿದರು. ಸಂಭಾವ್ಯತೆಯ ಗಣಿತವು ಅದರಿಂದ ಬೆಳೆಯಿತು. 1690ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜಾನ್ ಲಾಕನು, ಪ್ರಮಾಣದ ಬಲಾಬಲಗಳಿಗೆ ತಕ್ಕಂತೆ ಸಮ್ಮತಿಯಲ್ಲಿಯೂ ತಾರತಮ್ಯವಿರಬೇಕೆಂದು ಪ್ರತಿಪಾದಿಸಿದನು.

ಆದರೂ ಆಡುವ ಮಾತಿಗೆ ಅಂಕೆಯು ಅಂಟಲಿಲ್ಲ. ಇದರ ಅಪಾಯವು 1951ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆ ವರ್ಷ ಯುಗೋಸ್ಲಾವಿಯದ ಮೇಲೆ ಆಕ್ರಮಣ ನಡೆಯುವ ಸಂಭವವು ‘ಗಂಭೀರ’ವಾದುದೆಂದು ಸರಕಾರದ ಗುಪ್ತವರದಿಯೊಂದು ಹೇಳಿತು. ವರದಿಯ ಕರ್ತರಲ್ಲೊಬ್ಬನಾದ ಶೆರ್ಮನ್ ಕೆಂಟನು ಇತಿಹಾಸದ ಪ್ರಾಧ್ಯಾಪಕನಾಗಿದ್ದವನು. ಆ ಮಾತಿನ ತೂಕವೆಷ್ಟೆಂದು ಅಧಿಕಾರಿಯೊಬ್ಬನು ಕೇಳಲು, ನೂರಕ್ಕೆ 65 ಎಂದು ಆತನು ಉತ್ತರಿಸಿದನು. ಕೇಳಿದವನು ಬೆರಗಾದನು, ಆತನು ತಿಳಿದುದು ಬಹಳ ಕಡಮೆ. ಬಳಿಕ ಕೆಂಟನು ತನ್ನ ಸಹೋದ್ಯೋಗಿಗಳನ್ನು ವಿಚಾರಿಸಿದರೆ, ಒಬ್ಬನು 20 ಎಂದನು, ಮತ್ತೊಬ್ಬನು 80 ಎಂದನು. ಒಂದೇ ವಾಕ್ಯಕ್ಕೆ ಎಲ್ಲರೂ ಒಪ್ಪಿಗೆಯಿತ್ತಿದ್ದರು. ಅರ್ಥದಲ್ಲಿ ಮಾತ್ರ ಒಪ್ಪಿಗೆಯಿರಲಿಲ್ಲ!

ಕೆಂಟನು 1964ರ ಲೇಖನದಲ್ಲಿ ಇದಕ್ಕೊಂದು ಪರಿಹಾರವನ್ನು ವಿವರಿಸಿದನು. ‘ಪ್ರಾಬಬಲ್’ ಎಂದರೆ ನೂರಕ್ಕೆ ಸುಮಾರು 75, ‘ಬಹುಮಟ್ಟಿಗೆ ನಿಶ್ಚಯ’ವೆಂದರೆ 93 ಎಂದು ಪಟ್ಟಿ ಮಾಡಿದನು. ಮಾತನ್ನು ಅಂಕೆಗೆ ಕಟ್ಟಲೊಪ್ಪದವರನ್ನು ‘ಕವಿಗಳು’ ಎಂದು ಕರೆದನು. ಆತನ ಆತಂಕವು ಹುರುಳಿಲ್ಲದುದಲ್ಲ. 1961ರಲ್ಲಿ ಕ್ಯೂಬದ ಮೇಲಿನ ದಂಡಯಾತ್ರೆಗೆ ‘ತಕ್ಕಮಟ್ಟಿನ’ ಜಯಾವಕಾಶವುಂಟೆಂದು ಸೇನಾಧಿಪತಿಗಳ ವರದಿಯು ಹೇಳಿದ್ದಿತು. ಬರೆದವರ ಮನಸ್ಸಿನಲ್ಲಿದ್ದುದು ನೂರಕ್ಕೆ ಸುಮಾರು 30. ಓದಿದವರಿಗೆ ಅದು ಅನುಕೂಲವಚನವಾಗಿ ತೋರಿತು. ದಂಡಯಾತ್ರೆಯು ಮೂರು ದಿನಗಳೊಳಗೆ ಮುರಿದುಬಿದ್ದಿತು. ನೂರಕ್ಕೆ ಮೇಲ್ಪಟ್ಟು ಜನರು ಮಡಿದರು, ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾದರು.

ನಮ್ಮ ‘ಬಹುಶಃ’ ಎಂಬ ಶಬ್ದವೂ ಇಂತಹ ದಾರಿಯನ್ನೇ ನಡೆದಿದೆ. ಸಂಸ್ಕೃತದಲ್ಲಿ ಅದಕ್ಕೆ ಹಲವು ಬಾರಿ, ಹಲವು ಪರಿಯಲ್ಲಿ ಎಂದು ಅರ್ಥ. ಕನ್ನಡದಲ್ಲಿ ಅದು ಊಹೆಯ ಸೂಚಕವಾಗಿದೆ. ಹಲವು ಬಾರಿ ಕಂಡುದು ಮುಂದೆಯೂ ಕಾಣಬಹುದೆಂಬ ಯುಕ್ತಿಯು ಆ ಅರ್ಥಾಂತರದಲ್ಲಿ ಅಡಗಿರುವಂತಿದೆ. ಸಂದೇಹವನ್ನು ಮರೆಸದೆ ನುಡಿಯುವುದು ವಿನಯ. ಸಂದೇಹವೆಷ್ಟೆಂಬುದನ್ನೂ ತಿಳಿಯಪಡಿಸುವುದು ಸತ್ಯ. ವಿನಯವೊಂದೇ ಸಾಲದೆಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿ.