ಕಾಲಜ್ಞಾನ ಮತ್ತು ‘ಹಂಗರ್ ಗೇಮ್ಸ್’
ಹಂಸಭಾವಿಯ ಸೀಮೆಗೆ ಕೇಡುಗಾಲದ ಕಥನವು ಹೊಸತಲ್ಲ. ನೆರೆಯ ಅಬಲೂರಿನೊಡನೆ ಹೆಸರು ಬೆಸೆದುಕೊಂಡಿರುವ ಸರ್ವಜ್ಞನ ಅಂಕಿತದಲ್ಲಿಯೂ ಕಾಲಜ್ಞಾನದ ವಚನಗಳುಂಟು. ಅವುಗಳ ಕರ್ತೃತ್ವದ ಸಂದೇಹವು ಬೇರೆ ಮಾತು. 1565ರಲ್ಲಿ ಸೋತ ವಿಜಯನಗರದ ಅಳಿವನ್ನು ನೆನೆಯುವ ಕಾಲಜ್ಞಾನಗಳು, ವೀರವಸಂತರಾಯನು ಬಂದು ಕೇಡನ್ನು ಕಳೆಯುವನೆಂದು ಸಾರುತ್ತವೆ.

ಅಮೆರಿಕದ ಸುಜಾನ್ ಕಾಲಿನ್ಸ್ ತರುಣರಿಗಾಗಿ 2008ರಿಂದ 2010ರವರೆಗೆ ಪ್ರಕಟಿಸಿದ ‘ಹಂಗರ್ ಗೇಮ್ಸ್’ ಕಾದಂಬರಿತ್ರಯವನ್ನು ಇದರ ಬದಿಯಲ್ಲಿಟ್ಟು ಓದಬೇಕು. ಹಿಂದಿನ ದಂಗೆಗೆ ದಂಡವಾಗಿ ರಾಜಧಾನಿಯು 12 ಪ್ರಾಂತಗಳಿಂದ ವರ್ಷವರ್ಷವೂ 24 ಮಕ್ಕಳನ್ನು ಕಪ್ಪವಾಗಿ ಪಡೆದು ಪರಸ್ಪರ ಕೊಲ್ಲಿಸುತ್ತದೆ. ಬಕಾಸುರನಿಗೆ ಸಲ್ಲುತ್ತಿದ್ದ ಸರದಿಯು ನಮಗೆ ನೆನಪಾದರೆ ಸೋಜಿಗವಿಲ್ಲ. ಆದರೆ ಕಡೆಯಲ್ಲಿ ಕ್ಯಾಟ್ನಿಸಳ ಬಾಣವು ಸೋತ ಅಧ್ಯಕ್ಷನನ್ನು ಬಿಟ್ಟು, ದಂಗೆಯನ್ನು ನಡೆಸಿ ಗದ್ದುಗೆಯೇರಿದವಳನ್ನೇ ಕೆಡಹುತ್ತದೆ. ಉದ್ಧಾರಕನನ್ನೇ ಶಂಕಿಸುವ ಈ ಧೈರ್ಯವನ್ನು ವೀರವಸಂತರಾಯನ ದಾರಿ ಕಾಯುವ ವಚನಗಳಲ್ಲಿ ನಾವು ಕಾಣೆವು.