ಡೆಬಿಯನ್ ವಿಳಾಸ: ಒಂದು ಬಳಕೆಯ ನೀತಿಯ ಚರಿತ್ರೆ

ಇಮೇಲನ್ನು ಯಾವ ಕೆಲಸಕ್ಕೆ ಬಳಸಬಹುದು, ಯಾವುದಕ್ಕೆ ಬಳಸಕೂಡದು ಎಂದು ವಿಧಿಸುವ 'ಬಳಕೆಯ ನೀತಿ'ಗಳು ಮೊದಲು ರೂಪುಗೊಂಡದ್ದು ಸ್ವಯಂಸೇವಕರ ನಡುವೆಯಲ್ಲ, ಸರ್ಕಾರದ ಹಣದಿಂದ ನಡೆಯುತ್ತಿದ್ದ ಅಮೆರಿಕದ ಜಾಲಗಳಲ್ಲಿ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 1980ರ ದಶಕದಲ್ಲಿ ಕಟ್ಟಿದ ಎನ್‌ಎಸ್‌ಎಫ್‌ನೆಟ್ ಸಂಶೋಧನೆಗೂ ಶಿಕ್ಷಣಕ್ಕೂ ಮೀಸಲಾಗಿದ್ದುದರಿಂದ, ಲಾಭದ ವಹಿವಾಟನ್ನೂ ಖಾಸಗಿ ವ್ಯವಹಾರದ ವ್ಯಾಪಕ ಬಳಕೆಯನ್ನೂ ಅದರ ನೀತಿ ನಿಷೇಧಿಸಿತ್ತು. 1995ರ ಏಪ್ರಿಲ್‌ನಲ್ಲಿ ಆ ಜಾಲವೇ ನಿಂತುಹೋಗಿ, ಅಂತರ್ಜಾಲದ ಸಾಗಣೆ ವಾಣಿಜ್ಯ ಕಂಪನಿಗಳ ಕೈಸೇರಿದ ಮೇಲೆ ಆ ನಿಷೇಧಕ್ಕೆ ಅರ್ಥವುಳಿಯಲಿಲ್ಲ.

ಆದರೆ ಅದೇ ಧಾಟಿಯ ನಿರ್ಬಂಧ ಡೆಬಿಯನ್ ಯೋಜನೆಯಲ್ಲಿ ಕಾಣಿಸುತ್ತದೆ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಒಂದು ಪೂರ್ಣ ಕಾರ್ಯವ್ಯವಸ್ಥೆಯಾಗಿ ಹೊರತರುತ್ತದೆ. ಅದರ ಸರ್ವರುಗಳು ಬಹುಪಾಲು ದಾನದ ನೆರವಿನಿಂದ ನಡೆಯುವಂಥವು. ಹಾಗಾಗಿ ಯಂತ್ರಗಳ ಬಳಕೆಯ ನೀತಿಯು ಅನುಮತಿಯಿಲ್ಲದೆ ಅವುಗಳನ್ನು ಸ್ವಂತ ಆದಾಯಕ್ಕಾಗಲಿ ಸಲಹಾವೃತ್ತಿಗಾಗಲಿ ಬಳಸುವುದನ್ನು ತಡೆಯುತ್ತದೆ. ಕುತೂಹಲದ ಸಂಗತಿಯೆಂದರೆ, ಇಮೇಲ್ ವಿಷಯಕ್ಕೆ ಬರುವಾಗ ಅದೇ ನೀತಿಯ ದನಿ ಮೃದುವಾಗುತ್ತದೆ: ಸದಸ್ಯರಿಗೆ ಕೊಟ್ಟ ಯೋಜನೆಯ ವಿಳಾಸಕ್ಕೆ ಸ್ವತಂತ್ರ ತಂತ್ರಾಂಶಕ್ಕೋ ಯೋಜನೆಗೋ ಸಂಬಂಧಿಸಿದ ಪತ್ರಗಳು ಬರಲಿ ಎಂದು ಆಶಿಸಿ, ಉಳಿದದ್ದನ್ನು ಸದಸ್ಯರ ವಿವೇಚನೆಗೆ ಬಿಡುತ್ತದೆ. ಇದನ್ನು ಉದಾರತೆ ಎನ್ನುವುದಕ್ಕಿಂತ ಅನಿವಾರ್ಯತೆ ಎನ್ನಬೇಕು. ಸಂಬಳ ಕೊಡದ ಸಂಸ್ಥೆಗೆ ಪ್ರತಿ ಪತ್ರವನ್ನೂ ತಪಾಸಣೆ ಮಾಡುವ ಶಕ್ತಿಯೂ ಇಲ್ಲ, ಹಕ್ಕೂ ಇಲ್ಲ.

ಯಂತ್ರಗಳು ಅಗ್ಗವಾದಂತೆ ಪ್ರಶ್ನೆಯ ತೂಕ ಸಂಪನ್ಮೂಲದಿಂದ ಹೆಸರಿನ ಕಡೆಗೆ ವಾಲಿತು. ಕಚೇರಿಯ ಲೆಟರ್‌ಹೆಡ್‌ನಂತೆ, ಯೋಜನೆಯ ಡೊಮೈನ್ ಹೊತ್ತ ವಿಳಾಸವು ಬರೆದವರ ಮಾತಿಗೆ ಸಂಸ್ಥೆಯ ಮುದ್ರೆಯೊತ್ತಿದಂತೆ ತೋರುವುದರಿಂದ, ಅದು ಯಾರಿಗೆ ಸಲ್ಲಬೇಕೆಂಬುದು ಸದಸ್ಯತ್ವದ ಪ್ರಶ್ನೆಯೇ ಆಯಿತು. ಡೆಬಿಯನ್ ಸದಸ್ಯರ 2007ರ ಮತದಾನವು ಸೀಮಿತ ಅಧಿಕಾರದ 'ಡೆಬಿಯನ್ ಮೇಂಟೇನರ್' ಎಂಬ ದರ್ಜೆಯನ್ನು ಒಪ್ಪಿದಾಗ, ತಾವು ನೋಡಿಕೊಳ್ಳುವ ತಂತ್ರಾಂಶವನ್ನು ತಾವೇ ಸೇರಿಸುವ ಅವಕಾಶ ಆ ದರ್ಜೆಯವರಿಗೆ ದೊರೆಯಿತೇ ಹೊರತು ವಿಳಾಸ ದೊರೆಯಲಿಲ್ಲ. 2010ರ ಮತದಾನವಾದರೋ ತಂತ್ರಾಂಶ ಕಟ್ಟದ ಅನುವಾದಕರು, ದಸ್ತಾವೇಜು ಬರೆಯುವವರು ಮೊದಲಾದವರನ್ನೂ ಪೂರ್ಣ ಸದಸ್ಯರನ್ನಾಗಿ ಸ್ವಾಗತಿಸಿತು. ಉಬುಂಟು, ಅಪಾಚೆಯಂಥ ಇತರ ಸ್ವತಂತ್ರ ತಂತ್ರಾಂಶ ಯೋಜನೆಗಳಲ್ಲಿಯೂ ವಿಳಾಸ ಬರುವುದು ಕೆಲಸದಿಂದ ಗಳಿಸಿದ ಸ್ಥಾನದ ಜೊತೆಗೇ.

ಇಷ್ಟಾದರೂ ವಿಳಾಸದ ಈ ನಿಯಮವನ್ನು ಜಾರಿಗೊಳಿಸುವ ಸಾಧನ ಬಹುಕಾಲ ದುರ್ಬಲವಾಗಿಯೇ ಇತ್ತು, ಏಕೆಂದರೆ ಇಮೇಲಿನ ಮೂಲ ವಿನ್ಯಾಸದಲ್ಲಿ ಕಳುಹಿಸುವವರು ಯಾವ ವಿಳಾಸವನ್ನಾದರೂ ತಮ್ಮದೆಂದು ನಮೂದಿಸಬಹುದಿತ್ತು. ಡೆಬಿಯನ್ ಸದಸ್ಯರೂ ಈ ಸಡಿಲಿಕೆಯನ್ನೇ ನಂಬಿದ್ದರು: ಬಂದ ಪತ್ರಗಳನ್ನು ಯೋಜನೆಯ ಸರ್ವರ್ ಅವರ ಖಾಸಗಿ ವಿಳಾಸಕ್ಕೆ ಮರುರವಾನಿಸುತ್ತಿತ್ತು, ಉತ್ತರಗಳನ್ನು ಅವರು ತಮ್ಮ ತಮ್ಮ ಸೇವಾದಾತರ ಮೂಲಕವೇ ಕಳುಹಿಸುತ್ತಿದ್ದರು. ಈ ಸಡಿಲಿಕೆಗೆ ತಡೆಯಾಗಿ, ಪತ್ರದ ಮೇಲೆ ಡೊಮೈನಿನ ಗೂಢಲಿಪಿ ಸಹಿ ಹಾಕುವ ಡಿಕಿಮ್ ಎಂಬ ವಿಧಾನ 2007ರಲ್ಲಿ ಮಾನಕವಾಗಿ ಪ್ರಕಟವಾಯಿತು; 2024ರ ಫೆಬ್ರವರಿಯಿಂದ ಜಿಮೇಲ್ ಸಗಟು ಪತ್ರ ಕಳುಹಿಸುವವರಿಗೆ ಅದನ್ನು ಕಡ್ಡಾಯಗೊಳಿಸಿತು. ಡೆಬಿಯನ್ ಕೂಡ ಸದಸ್ಯರು ತಮ್ಮ ಸಹಿಯ ಕೀಲಿಯನ್ನು ನೋಂದಾಯಿಸಲು ಅನುವು ಮಾಡಿ, ಪತ್ರ ಕಳುಹಿಸಲು ತನ್ನದೇ ಸರ್ವರನ್ನು ತೆರೆದಿದೆ. ಹಳೆಯ ರೂಢಿಯಂತೆ ಸ್ವಂತ ಸೇವಾದಾತರ ಮೂಲಕ ಸಹಿಯಿಲ್ಲದೆ ಹೊರಡುವ ಪತ್ರ, ಬರೆದವರು ಎಷ್ಟೇ ಹಿರಿಯ ಸದಸ್ಯರಾಗಿರಲಿ, ಸ್ಪ್ಯಾಮ್ ರಾಶಿಗೆ ಬೀಳುವ ಸಂಭವವೇ ಹೆಚ್ಚು.