ಚಂಡಮಾರುತದ ಕೇಂದ್ರ

ಚಂಡಮಾರುತದ ಕೇಂದ್ರ: ಸಮುದ್ರದ ಮೇಲೆ ಸುತ್ತುವ ಗಾಳಿಯ ನಡುವೆ ಒತ್ತಡ ಎಲ್ಲಕ್ಕಿಂತ ಕಡಿಮೆ ಇರುವ ಜಾಗ. ಚಂಡಮಾರುತ ಬಲಿತ ಮೇಲೆ ಅದು ‘ಕಣ್ಣು’ ಬಿಟ್ಟು ಉಪಗ್ರಹ ಚಿತ್ರದಲ್ಲಿ ಎದ್ದು ಕಾಣುತ್ತದೆ. ಗಾಳಿಯ ವೇಗ ಗಂಟೆಗೆ 31ರಿಂದ 49 ಕಿ.ಮೀ. ಇರುವ ವಾಯುಭಾರ ಕುಸಿತದ ಹಂತದಲ್ಲಿ ಕಣ್ಣೂ ಇಲ್ಲ, ಗಟ್ಟಿ ಗುರುತೂ ಇಲ್ಲ. ಮೇಲಣ ಗಾಳಿ ಮೋಡಗಳನ್ನು ಪಕ್ಕಕ್ಕೆ ತಳ್ಳಿದರೆ ದಟ್ಟ ಮೋಡ ಒಂದೆಡೆ, ಕೆಳಮಟ್ಟದ ಸುಳಿ ಇನ್ನೊಂದೆಡೆ ಉಳಿಯುತ್ತದೆ. ಹೊಸ ಗುಡುಗುಮೋಡ ಎದ್ದ ಕಡೆ ಒತ್ತಡ ಇಳಿದು ಬೇರೊಂದು ಸುಳಿ ಹುಟ್ಟಿದಾಗ, ನಕ್ಷೆಯಲ್ಲಿ ಕೇಂದ್ರವೇ ಜಿಗಿದಂತೆ ತೋರುತ್ತದೆ.

ಈ ಜಿಗಿತ ಸಣ್ಣ ವಿಷಯವಲ್ಲ. ಮುನ್ಸೂಚನೆಯ ಲೆಕ್ಕ ಶುರುವಾಗುವುದೇ ಕೇಂದ್ರದಿಂದ. ಮೊದಲ ಗುರುತು ತಪ್ಪಿದರೆ ಮುಂದಿನ ದಾರಿಯೂ ತಪ್ಪುತ್ತದೆ.

ಮೋಡದ ಆಕಾರ ನೋಡಿ ಕೇಂದ್ರವನ್ನೂ ಬಲವನ್ನೂ ಅಂದಾಜಿಸುವ ಕ್ರಮವನ್ನು ಅಮೆರಿಕದ ವರ್ನನ್ ಡ್ವೊರಾಕ್ 1970ರ ದಶಕದಲ್ಲಿ ರೂಪಿಸಿದರು. ಭಾರತದಲ್ಲಿ ಅದಕ್ಕೆ ಚಿತ್ರ ಒದಗಿಸುವವು ಇನ್ಸಾಟ್-3ಡಿಆರ್ (2016) ಮತ್ತು ಇನ್ಸಾಟ್-3ಡಿಎಸ್‌ನಂಥ (2024) ಹವಾಮಾನ ಉಪಗ್ರಹಗಳು. ಉಡಾವಣೆಯಾದ ಮೇಲೆ ಅವುಗಳ ಹೊಣೆ ಹಾಸನದ ಇಸ್ರೋ ಪ್ರಧಾನ ನಿಯಂತ್ರಣ ಕೇಂದ್ರದ್ದು; ಸ್ಥಳೀಯರ ಬಾಯಲ್ಲಿ ಅದು ಎಂಸಿಎಫ್. 1982ರಲ್ಲಿ ಆರಂಭವಾದ ಈ ಕೇಂದ್ರದ ಆಂಟೆನಾಗಳು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳೊಡನೆ ಹಗಲಿರುಳು ಸಂಪರ್ಕದಲ್ಲಿರುತ್ತವೆ. ಸೂರ್ಯ, ಚಂದ್ರರ ಸೆಳೆತಕ್ಕೆ ಉಪಗ್ರಹ ಸರಿದಾಗ ಅದನ್ನು ಮತ್ತೆ ಜಾಗಕ್ಕೆ ತರುವ ಆದೇಶ ಇಲ್ಲಿಂದ ಹೋಗುತ್ತದೆ. ಅಷ್ಟು ಎತ್ತರದಿಂದ ನೋಟ ಕೂದಲೆಳೆಯಷ್ಟು ಓರೆಯಾದರೂ ಚಿತ್ರದಲ್ಲಿ ಮೋಡ ಕಿಲೋಮೀಟರುಗಟ್ಟಲೆ ಆಚೀಚೆ ಬೀಳುತ್ತದೆ. ಹಾಸನದ ಈ ಕೆಲಸ ಸುದ್ದಿಯಾಗುವುದು ಅಪರೂಪ, ಆದರೆ ಅದಿಲ್ಲದೆ ಚಿತ್ರವೇ ಇಲ್ಲ. ಮೋಡದ ಪರದೆಯಡಿಯ ಸುಳಿಯನ್ನು ಹಿಡಿಯಲು ಸಮುದ್ರದ ಮೇಲಿನ ಗಾಳಿ ಅಳೆಯುವ ಓಷನ್‌ಸ್ಯಾಟ್-3 ಉಪಗ್ರಹ ಮತ್ತು ಕರಾವಳಿಯ ಡಾಪ್ಲರ್ ರೇಡಾರ್‌ಗಳು ನೆರವಾಗುತ್ತವೆ.

ಮುನ್ಸೂಚನೆಯ ಕಷ್ಟಕ್ಕೆ 2024ರ ನವೆಂಬರಿನ ‘ಫೆಂಗಲ್’ ಚಂಡಮಾರುತ ಒಳ್ಳೆಯ ಉದಾಹರಣೆ. ಶ್ರೀಲಂಕಾದ ಬಳಿ ತೆವಳುತ್ತಿದ್ದ ವಾಯುಭಾರ ಕುಸಿತ ಚಂಡಮಾರುತವಾಗುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ 29ರಂದು ಚಂಡಮಾರುತವಾಗಿ, 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿತು. ದಡ ಸೇರಿದ್ದೇ ಗಂಟೆಗಟ್ಟಲೆ ಅಲ್ಲಾಡದೆ ನಿಂತಿತು. ಪುದುಚೇರಿಯಲ್ಲಿ ಒಂದೇ ದಿನದಲ್ಲಿ 46 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಬಲಗುಂದಿದ ಉಳಿಕೆ ತಮಿಳುನಾಡಿನ ಒಳನಾಡು ದಾಟಿ, ದಕ್ಷಿಣ ಕರ್ನಾಟಕಕ್ಕೆ ಮಳೆ ತಂದು, ಡಿಸೆಂಬರ್ 3ರ ಹೊತ್ತಿಗೆ ಅರಬ್ಬಿ ಸಮುದ್ರಕ್ಕೆ ಇಳಿಯಿತು.

ಹಾಸನ ಜಿಲ್ಲೆಗೆ ಕಡಲಿಲ್ಲ. ಆದರೂ ಇಂಥ ‘ಸೈಕ್ಲೋನ್ ಮಳೆ’ ಬರುವುದು ರಾಗಿ ಕೊಯ್ಲಿನ ಕಾಲಕ್ಕೇ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ಹೊಲಗಳಲ್ಲಿ ಕೊಯ್ದು ಮಲಗಿಸಿದ ರಾಗಿ ಎರಡು ಮೂರು ದಿನದ ಜಡಿಮಳೆಗೆ ಸಿಕ್ಕರೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ, ಹುಲ್ಲು ಕಪ್ಪಗಾಗಿ ದನಕ್ಕೂ ಬೇಡವಾಗುತ್ತದೆ. ಆ ವೇಳೆಗೆ ಗಾಳಿ ಸತ್ತಿರುತ್ತದೆ, ಕೇಂದ್ರ ಮಸುಕಾಗಿರುತ್ತದೆ. ಮಳೆ ಮಾತ್ರ ನೂರಾರು ಕಿ.ಮೀ. ಅಗಲಕ್ಕೆ ಹರಡಿರುತ್ತದೆ. ಹೀಗಾಗಿ ರಾಗಿ ಕೊಯ್ಯುವ ಮುನ್ನ ಚಂಡಮಾರುತದ ಹಾದಿ ತೋರಿಸುವ ಗೆರೆಯೊಂದನ್ನೇ ನಂಬದೆ, ಹವಾಮಾನ ಇಲಾಖೆಯ ಜಿಲ್ಲಾವಾರು ಮಳೆ ಮುನ್ಸೂಚನೆಯನ್ನೂ ನೋಡಬೇಕು.